ಕತ್ತರಿ ತಿರುವು: ಯಾರೂ ಒತ್ತದೆ ಬೆಳಗಿದ ಅಂಕಿ

“ಇನ್ನೊಂದ್ಸಲ ಒತ್ತಿ,” ಎಂದಳು ಇನ್‌ಸ್ಪೆಕ್ಟರ್.

ಅತ್ತಿಗೆ ಮೈಕಿನ ಗುಂಡಿ ಒತ್ತಿದಳು. ರೇಡಿಯೋ ಸೆಟ್ಟಿನ ಪಕ್ಕದಲ್ಲಿದ್ದ, ತರಂಗದ ಅಂಕಿ ತೋರಿಸುವ ಕಬ್ಬಿಣದ ಪೆಟ್ಟಿಗೆಯ ಮುಖದಲ್ಲಿ ಕೆಂಪು ಅಂಕಿಗಳು ಮೂಡಿದವು. 27.1848. ಬೆರಳು ತೆಗೆದಳು. ಅಂಕಿಗಳು ಆರಿ ಗಾಜು ಮತ್ತೆ ಕಪ್ಪಾಯಿತು.

“ಸಾಕಾ?”

“ಸಾಕು.”

ಅತ್ತಿಗೆ ಮೈಕನ್ನು ಕೊಕ್ಕೆಗೆ ಸಿಕ್ಕಿಸಿ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು, ಕೊಳೆತದ್ದೇನನ್ನೋ ಮುಟ್ಟಿದವಳ ಹಾಗೆ.

ಅವಳು ಕಾಯುವ ಈ ಗೇಟಿನಿಂದ ಬಂತೆನ್ನಲಾದ ಒಂದು ಸನ್ನೆಯನ್ನು ನಂಬಿ ಬೆಟ್ಟ ಇಳಿದ ಹಾಲಿನ ಟ್ಯಾಂಕರು ಕತ್ತರಿ ತಿರುವಿನಲ್ಲಿ ಕಣಿವೆಗೆ ಉರುಳಿತ್ತು. ಸತ್ತ ಚಾಲಕ ಅವಳ ಸ್ವಂತ ಮೈದುನ. ಅವನು ಕರೆಯುತ್ತಿದ್ದುದನ್ನು ಕೇಳಿ ಕೇಳಿಯೇ ಬೆಟ್ಟದ ಚಾಲಕರೆಲ್ಲ ಅವಳನ್ನು ಅತ್ತಿಗೆ ಎಂದು ಕರೆಯತೊಡಗಿದ್ದು. ಈಗ ಅವರಲ್ಲಿ ಅರ್ಧ ಜನ ಗೇಟಿನ ಬಳಿ ಗಾಡಿ ನಿಲ್ಲಿಸಿದರೂ ಅವಳತ್ತ ತಲೆ ಎತ್ತಿ ನೋಡುತ್ತಿರಲಿಲ್ಲ.

ಆ ರಸ್ತೆ ಒಂದೇ ಗಾಡಿಯ ಅಗಲದ್ದು. ಕೆಳಗೆ ಗೇಟು, ಮೇಲೆ ಕಲ್ಲಿನ ಕ್ವಾರಿ. ನಡುವಿನ ತಿರುವುಗಳು ಬಂಡೆಯ ಮರೆಯಲ್ಲಿರುವುದರಿಂದ ಅಲ್ಲಿ ರೇಡಿಯೋ ಕಿವುಡು. ಇಳಿಯುವವನು ಮೇಲಿನ ಬಯಲಲ್ಲಿ ನಿಂತು “ಬರ್ಲಾ?” ಎಂದು ಕೇಳಬೇಕು. ಹತ್ತುವ ಗಾಡಿ ಇಲ್ಲವೆಂದರೆ ಕೆಳಗಿನವರು “ಬಾ” ಎನ್ನಬೇಕು.

ಮಂಜು ಕವಿದು ತೇವ ಏರಿದರೆ ಮಾತು ಒಡೆದು ಕೇಳುತ್ತದೆ. ಅದಕ್ಕೇ ಬೆಟ್ಟದವರು ಮಾತು ಬಿಟ್ಟು ಒತ್ತನ್ನು ಹಿಡಿದಿದ್ದರು. ಸೆಟ್ಟು ಯಾವಾಗಲೂ ಸುಂಯ್ ಎನ್ನುತ್ತಿರುತ್ತದೆ; ಯಾರಾದರೂ ಮಾತಾಡದೆ ಗುಂಡಿ ಒತ್ತಿದರೆ ಆ ಸದ್ದು ನುಂಗಿಹೋಗುತ್ತದೆ. ಒಂದು ಉದ್ದ ಒತ್ತು ಎಂದರೆ ನಿಲ್ಲು. ಎರಡು ಗಿಡ್ಡ ಒತ್ತು ಎಂದರೆ ದಾರಿ ಖಾಲಿ, ಬಾ.

ಅಪಘಾತವಾದ ಮಧ್ಯಾಹ್ನ ದಾರಿ ಖಾಲಿ ಇರಲಿಲ್ಲ. ಕಲ್ಲಿನ ಲಾರಿಯೊಂದು ಹತ್ತುತ್ತಿತ್ತು. ಆದರೂ ಎರಡು ಒತ್ತು ಹೋಗಿದ್ದವು. ಬೆಟ್ಟದಲ್ಲಿ ಸೆಟ್ಟು ಇದ್ದವರೆಲ್ಲ ಕೇಳಿದ್ದರು. ಮೌನಕ್ಕೆ ದನಿಯಿಲ್ಲ, ಅದು ಯಾರದೆಂದು ಹೇಳುವವರಾದರೂ ಯಾರು?

ಸೆಟ್ಟು ಗರಗರ ಎಂದಿತು.

“ಗೇಟು, ಗೇಟು, ಕಾಟಾದಿಂದ. ಅತ್ತಿಗೆ, ಇಲ್ಲಿ ಮಂಜು ಇಳೀತಿದೆ. ಕಲ್ಲು ತುಂಬಿದ ಗಾಡಿ ಒಂದು ಸಂಜೆಗೆ ಮುಂಚೆ ಬರ್ಬೇಕು. ಸ್ವಲ್ಪ ಹುಷಾರಾಗಿ ನೋಡ್ಕೊಳ್ಳಿ. ಈ ಸಲನಾದ್ರೂ.”

ಕ್ವಾರಿಯಲ್ಲಿ ಲಾರಿ ತೂಗುವ ಕಾಟಾದ ಗುಮಾಸ್ತ. ಎಣ್ಣೆ ಬಿಟ್ಟ ಬಾಗಿಲಿನಂಥ ದನಿ. ಕೊನೆಯ ಎರಡು ಮಾತು ಮಾತ್ರ ಮುಳ್ಳಿನ ಹಾಗೆ ಹೊರಗೆ ಉಳಿದವು.

ಅವನು ಮಾತಾಡುವಷ್ಟು ಹೊತ್ತೂ ಪೆಟ್ಟಿಗೆಯ ಗಾಜು ಕಪ್ಪಾಗಿಯೇ ಇದ್ದುದನ್ನು ಇನ್‌ಸ್ಪೆಕ್ಟರ್ ಗಮನಿಸಿದಳು.

ಅಪಘಾತದ ದಿನವೂ ಗುಮಾಸ್ತನ ದನಿ ಹೀಗೆಯೇ ಕೇಳಿತ್ತು: ಕಾಟಾದಿಂದ ಮಾತಾಡ್ತಿದೀನಿ, ಇಲ್ಲಿ ಮಂಜು. ಅವನು ಮೇಲಿದ್ದನೆಂಬುದಕ್ಕೆ ಬೆಟ್ಟದ ಚಾಲಕರೆಲ್ಲ ಸಾಕ್ಷಿ. ಕ್ವಾರಿಯಲ್ಲಿ ಬಂಡೆ ಕುಸಿದು ಸತ್ತ ಕೂಲಿಯವನೊಬ್ಬನನ್ನು ಸದ್ದಿಲ್ಲದೆ ಹೂತಿದ್ದರು, ಅದನ್ನು ಹೊರಗೆ ಹೇಳುತ್ತೇನೆಂದು ಮೈದುನ ಗುಮಾಸ್ತನ ಮುಖಕ್ಕೇ ಹೇಳಿ ಬಂದಿದ್ದ ಎಂಬ ಮಾತು ಕ್ವಾರಿಯಲ್ಲಿ ಸುಳಿದಾಡುತ್ತಿತ್ತು. ಅದನ್ನು ಕೆದಕಲೆಂದೇ ಇನ್‌ಸ್ಪೆಕ್ಟರ್ ಬೆಳಿಗ್ಗೆ ಮೇಲೆ ಹೋಗಿ, ಮಧ್ಯಾಹ್ನ ಕೂಲಿಗಳ ಕಾಲುದಾರಿಯಲ್ಲಿ ಇಳಿದು ಬಂದಿದ್ದಳು. ಆ ದಾರಿ ನೆಟ್ಟಗೆ ಗೇಟುಮನೆಯ ಹಿಂದಿನ ಶೆಡ್ಡಿನ ಬಳಿ ಬಂದು ಮುಗಿಯುತ್ತದೆ. ಆಕೆಯ ಮಂಡಿಗಳು ಇನ್ನೂ ಗೊಣಗುತ್ತಿದ್ದವು.

“ನಾಳೆ ಠಾಣೆಗೆ ಬಂದು ಸಹಿ ಹಾಕ್ತೀನಿ ಅಂದ್ರಂತೆ,” ಎಂದಳು ಇನ್‌ಸ್ಪೆಕ್ಟರ್.

“ಹೂಂ.”

“ಏನಂತ?”

“ತಪ್ಪು ನಂದು ಅಂತ.”

“ಹೋದ ವಾರ ನೀವು ನಲ್ಲಿ ಹತ್ರ ನೀರು ಹಿಡೀತಿದ್ರಿ, ಒಳಗೇ ಇರ್ಲಿಲ್ಲ ಅಂದಿದ್ರಿ.”

“ಅಂದಿದ್ದೆ.”

“ಅದು ಸುಳ್ಳಾ?”

“ನಿಜ.”

“ಮತ್ತೆ? ನೀರು ಹಿಡೀತಾ ರಸ್ತೆ ಆಚೆಯಿಂದ ಕೈ ಚಾಚಿ ಗುಂಡಿ ಒತ್ತಿದ್ರಾ?”

ಅತ್ತಿಗೆ ಕಿಟಕಿಯತ್ತ ತಿರುಗಿದಳು. ಕಿಟಕಿಯಾಚೆ ತಗಡಿನ ಬಣ್ಣದ ಆಕಾಶ. ಗೇಟಿನ ಅಡ್ಡಕೋಲಿಗೆ ಕಟ್ಟಿದ ಕೆಂಪು ಬಟ್ಟೆ ನೆನೆದು ಜೋತುಬಿದ್ದಿತ್ತು.

“ನನಗೇನು ಅಮ್ಮಾ,” ಎಂದಳು ಕೊನೆಗೆ, “ಒಳಗಿದ್ರೂ ಒಂದೇ, ಹೊರಗಿದ್ರೂ ಒಂದೇ. ನನ್ನ ಓರಗಿತ್ತಿ, ಅವನ ಹೆಂಡ್ತಿ, ಬೇರೆ ಒಲೆ ಹೂಡಿದಾಳೆ. ಒಂದೇ ಅಡುಗೆಮನೆ, ಎರಡು ಒಲೆ. ಮೊನ್ನೆ ಉಪ್ಪು ಬೇಕಿತ್ತು ಅವಳಿಗೆ. ನನ್ನ ಕೈಯಳತೇಲಿ ಡಬ್ಬಿ ಇತ್ತು. ಕೇಳ್ಲಿಲ್ಲ. ಪಕ್ಕದ ಮನೆಗೆ ಹೋಗಿ ಇಸ್ಕೊಂಡು ಬಂದ್ಳು.”

ಇನ್‌ಸ್ಪೆಕ್ಟರ್ ಮೇಜಿನತ್ತ ಬಗ್ಗಿದಳು. ಆಕೆ ಒಳಗೆ ಕಾಲಿಟ್ಟಾಗ ಪೆಟ್ಟಿಗೆಯ ಮುಖ ಗೋಡೆಯ ಕಡೆಗಿತ್ತು. ತಿರುಗಿಸಿದ್ದು ಆಕೆಯೇ. ಮೇಜಿನ ಧೂಳಿನಲ್ಲಿ ಪೆಟ್ಟಿಗೆಯ ಕಾಲುಗಳ ಗುರುತು ಎರಡು ಜೊತೆ ಇದ್ದವು. ಹಳೆಯದು ಮರದೊಳಗೇ ಇಳಿದಿತ್ತು. ಹೊಸದು ಬರೀ ಧೂಳಿನ ಮೇಲಿತ್ತು.

“ಇದು ವರ್ಷಗಟ್ಟಲೆ ಬಾಗಿಲ ಕಡೆ ನೋಡ್ಕೊಂಡು ಕೂತಿತ್ತು. ಗೋಡೆ ಕಡೆ ತಿರುಗಿಸಿದ್ದು ಯಾರು?”

“...ನಾನೇ.”

“ಯಾಕೆ?”

“ನೋಡೋಕಾಗ್ಲಿಲ್ಲ.”

“ಅಂಕಿ ನೋಡೋಕೆ ಏನು ಕಷ್ಟ ಅತ್ತಿಗೆ? ಇಲ್ಲ, ಆ ದಿನ ಅದರಲ್ಲಿ ಏನಾದ್ರೂ ಕಂಡಿತ್ತಾ?”

ಅತ್ತಿಗೆ ಬೆಂಚಿನ ಮೇಲೆ ಕುಸಿದಳು. ಶುರುವಾದ ಮಾತು ನಿಲ್ಲಲಿಲ್ಲ.

“ಕೊಡ ಸೊಂಟದಲ್ಲಿಟ್ಕೊಂಡು ಬಾಗಿಲಿಗೆ ಬಂದೆ. ಪೆಟ್ಟಿಗೆ ಬೆಳಗ್ತಿತ್ತು. ಒಳಗೆ ಒಂದು ನರಪಿಳ್ಳೆ ಇಲ್ಲ. ಆರಿಹೋಯ್ತು. ಇನ್ನೊಂದ್ಸಲ ಬೆಳಗ್ತು. ಆರಿಹೋಯ್ತು. ಅಷ್ಟರಲ್ಲಿ ಅವನ ದನಿ, ‘ಬಂದೆ ಅತ್ತಿಗೆ, ಚಾ ಇಡಿ’ ಅಂತ. ಕೊಡ ಬಿಸಾಕಿ ಮೈಕಿಗೆ ಬಿದ್ದೆ. ನಿಲ್ಲೋ, ನಿಲ್ಲೋ ಅಂತ ಬಾಯಿ ಬಡ್ಕೊಂಡೆ. ಅವನಾಗಲೇ ಬಂಡೆ ಮರೆಗೆ ಇಳಿದಿದ್ದ.”

“ಬೆಳಗಿದ್ರೆ ಏನಾಯ್ತು?”

“ಏನಾಯ್ತು ಅಂದ್ರೆ? ಅದು ನಮ್ಮ ಸೆಟ್ಟಿನ ತಂತಿ ನಡುವೆ ಕೂತಿರೋದು. ನಮ್ಮ ಗುಂಡಿ ಒತ್ತಿದ್ರೆ ಮಾತ್ರ ಬೆಳಗೋದು. ಬೆಟ್ಟದಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಅದು ಬೆಳಗ್ತು ಅಂದ್ರೆ ಒತ್ತಿದ್ದು ನನ್ನ ಸೆಟ್ಟೇ. ಕೆಟ್ಟು ತಾನಾಗೇ ಒತ್ಕೊಂಡಿದೆ. ಅಂಕಿನೂ ಸರಿ ಇರ್ಲಿಲ್ಲ. ನಂದು ಯಾವಾಗ್ಲೂ ಕೊನೆಗೆ ನಲವತ್ತೆಂಟು. ಅವತ್ತು ಅರವತ್ತೊಂದು ತೋರಿಸ್ತು. ಸೆಟ್ಟು ಜಾರ್ತಿದೆ ಅಂತ ನಾನು ಮುಂಚೇನೇ ಗಮನಿಸ್ಬೇಕಿತ್ತು. ಅದನ್ನ ನೋಡ್ಕೊಳ್ಳೋಕೇ ಅಲ್ವಾ ನನ್ನ ಇಲ್ಲಿ ಕೂರಿಸಿರೋದು?”

ಇನ್‌ಸ್ಪೆಕ್ಟರ್ ಆ ಅಂಕಿಯನ್ನು ಬರೆದುಕೊಂಡಳು. ಆಮೇಲೆ ಬಾಗಿಲಿಗೆ ಹೋಗಿ ಕರೆದಳು.

“ಬೆಸುಗೆ! ಒಳಗೆ ಬನ್ರೀ.”

ಬೆಟ್ಟದ ಸೆಟ್ಟುಗಳನ್ನೆಲ್ಲ ರಿಪೇರಿ ಮಾಡುವವನಿಗೆ ಎಲ್ಲರೂ ಇಟ್ಟ ಹೆಸರು ಬೆಸುಗೆ. ಆ ಪೆಟ್ಟಿಗೆಯನ್ನು ಕೂರಿಸಿದವನೂ ಅವನೇ. ಹೊರಗೆ ಕಲ್ಲಿನ ಲಾರಿಯ ಬಾನೆಟ್ಟಿಗೆ ಒರಗಿ ಅದರ ಚಾಲಕನ ಜೊತೆ ನಿಂತಿದ್ದ. ಆ ಚಾಲಕನ ಅಡ್ಡಹೆಸರು ಹಾರನ್. ಅಪಘಾತದ ದಿನ ಹತ್ತುತ್ತಿದ್ದದ್ದು ಅವನ ಲಾರಿಯೇ. ಅವನ ಗಂಟಲಿಗೆ ಹೆದರಿ ಎಲ್ಲರೂ ಸೆಟ್ಟಿನ ಸದ್ದು ತಗ್ಗಿಸುತ್ತಿದ್ದರು. ಇವನಿಗೆ ರೇಡಿಯೋ ಯಾಕೆ, ಕಿಟಕಿ ಇಳಿಸಿದ್ರೆ ಸಾಕು ಎಂದು ಹೆಚ್ಚು ನಗುತ್ತಿದ್ದವನು ಸತ್ತ ಮೈದುನನೇ. ಆ ತಿರುವಿನಿಂದ ಬಂದ ಮೇಲೆ ಹಾರನ್ ಪಿಸುಮಾತಿಗೆ ಇಳಿದಿದ್ದ.

ಬೆಸುಗೆ ಚಪ್ಪಲಿ ಬಿಟ್ಟು ಒಳಬಂದ. ಬೇರೆಯವರ ಸೆಟ್ಟು ಒತ್ತಿದರೂ ಪೆಟ್ಟಿಗೆ ಬೆಳಗುತ್ತದೆಯೇ ಎಂದಳು ಇನ್‌ಸ್ಪೆಕ್ಟರ್. ಕೇಳಿದ. ತಲೆಯಾಡಿಸಿದ.

“ಆಗಲ್ಲ ಮೇಡಂ. ಸುತರಾಂ ಆಗಲ್ಲ. ಸೆಟ್ಟಿಂದ ಕೇಬಲ್ಲು ಇದರೊಳಗೆ ಬರುತ್ತೆ, ಇದರಿಂದ ಆಂಟೆನಾಗೆ ಹೋಗುತ್ತೆ. ಹೊರಗೆ ಹೋಗೋದನ್ನ ಎಣಿಸುತ್ತೆ. ಒಳಗೆ ಬರೋದು ಇರುವೆ ಉಸಿರಿನಷ್ಟು. ಅದನ್ನ ಎಣಿಸೋಕೆ ಇದಕ್ಕೆ ಶಕ್ತಿ ಇಲ್ಲ.”

“ಇರುವೆ ದೂರದಲ್ಲಿದ್ರೆ ಸರಿ. ಕಿವಿಯೊಳಗೇ ಬಂದು ಕೂತಿದ್ರೆ?”

ಬೆಸುಗೆ ಪೆಟ್ಟಿಗೆಯತ್ತ ಬಗ್ಗಿ ನೋಡಿದ.

“ನಮ್ಮ ಅಜ್ಜಿ ಮನೇಲಿ,” ಎಂದಳು ಇನ್‌ಸ್ಪೆಕ್ಟರ್, “ಹಿತ್ತಾಳೆ ಪಾತ್ರೆಗಳನ್ನ ಸಾಲಾಗಿ ಜೋಡಿಸಿರ್ತಿದ್ರು. ಒಂದಕ್ಕೆ ಬಡಿದ್ರೆ ಪಕ್ಕದ್ದೂ ಗುಂಯ್ ಅಂತಿತ್ತು. ಅಂಗಳದಲ್ಲಿ ನಿಂತು ಎಷ್ಟು ಬಡಿದ್ರೂ ಅನ್ನುತ್ತಿರ್ಲಿಲ್ಲ.”

“ಹತ್ತಿರದಿಂದ ಅಂದ್ರೆ...” ಅವನು ಗಲ್ಲ ಕೆರೆದುಕೊಂಡ. “ಈ ಸೆಟ್ಟು ಬಡಕಲು ಅಂತ ಪೆಟ್ಟಿಗೆ ಕಿವಿನ ನಾನೇ ಸ್ವಲ್ಪ ಚುರುಕು ಮಾಡಿದ್ದೆ. ತೀರಾ ಪಕ್ಕದಲ್ಲಿ ನಿಂತು ಒತ್ತಿದ್ರೆ... ಯಾರೂ ಒತ್ತಿ ನೋಡಿಲ್ಲ ಮೇಡಂ. ಪಕ್ಕದಲ್ಲೇ ನಿಂತಿರೋನು ರೇಡಿಯೋದಲ್ಲಿ ಯಾಕೆ ಮಾತಾಡ್ತಾನೆ?”

“ಮತ್ತೆ ಈ ಅರವತ್ತೊಂದು?”

“ಎಲ್ಲರದೂ ಒಂದೇ ಚಾನಲ್ಲು. ಆದ್ರೆ ಪ್ರತಿ ಸೆಟ್ಟಿಗೂ ಕೂದಲೆಳೆಯಷ್ಟು ಅದರದೇ ವ್ಯತ್ಯಾಸ. ಅತ್ತಿಗೇದು ನಲವತ್ತೆಂಟು. ಹಾರನ್‌ದು ಐವತ್ಮೂರು. ಅರವತ್ತೊಂದು...” ಬೆಸುಗೆ ಎಡ ಅಂಗೈಯನ್ನು ಮುಂದೆ ಹಿಡಿದು, ಅದರ ಮೇಲೊಂದು ಭಾರವಿದೆ ಎಂಬಂತೆ ತೂಗಿ ನೋಡಿದ. “ನನ್ನ ಕೈಮೇಲೆ ಬಂದು ಹೋಗಿದೆ ಇದು. ಗಾಡೀದಲ್ಲ. ಕೈಯಲ್ಲಿ ಹಿಡ್ಕೊಂಡು ಓಡಾಡೋ ಸಣ್ಣ ಸೆಟ್ಟು. ಯಾರದೋ... ಥತ್, ನಾಲಿಗೆ ತುದೀಲಿದೆ.”

ಅತ್ತಿಗೆ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಅರ್ಥವಾದರೆ ಈಗ ಚಿಗುರಿದ ಆಸೆ ಎಲ್ಲಿ ಕೈಜಾರಿ ಹೋಗುತ್ತದೋ ಎನ್ನುವ ಹೆದರಿಕೆ ಅವಳ ಕಣ್ಣಿನಲ್ಲಿತ್ತು.

“ಒತ್ತಿ ನೋಡೋಣ,” ಎಂದಳು ಇನ್‌ಸ್ಪೆಕ್ಟರ್. “ಹಾರನ್ ಗಾಡಿ ಓಡಿಸ್ಲಿ. ನೀವು ಪಕ್ಕ ಕೂತು ಅಲ್ಲಲ್ಲಿ ನಿಲ್ಲಿಸಿ ಒಂದೇ ಒಂದು ಗಿಡ್ಡ ಒತ್ತು ಕೊಡಿ. ಒಂದು ಗಿಡ್ಡ ಒತ್ತಿಗೆ ಬೆಟ್ಟದಲ್ಲಿ ಅರ್ಥ ಇಲ್ಲ ತಾನೇ? ಆದ್ರೆ ನೆನಪಿರ್ಲಿ, ರೇಡಿಯೋದಲ್ಲಿ ಒಂದಕ್ಷರ ಮಾತಾಡಕೂಡದು. ಇದು ಎಲ್ಲರ ಕಿವಿ.”

“ತಿರುವು ದಾಟಿದ್ರೆ ಗಾಡಿ ತಿರುಗಿಸೋಕೆ ಜಾಗ ಇಲ್ಲ ಮೇಡಂ,” ಎಂದ ಹಾರನ್ ಬಾಗಿಲಲ್ಲಿ ನಿಂತು. ದನಿ ಹೊರಡಿಸಲು ಒದ್ದಾಡುತ್ತಿದ್ದ. “ಮೇಲೆ ಬಯಲಿನ ತನಕ ಹೋಗ್ಲೇಬೇಕು.”

“ಹೋಗಿ ಬನ್ನಿ. ನೀವು ಬರೋ ತನಕ ಅತ್ತಿಗೆ ಯಾರನ್ನೂ ಇಳಿಸಲ್ಲ.”

ಹಾರನ್ ಅತ್ತಿಗೆಯತ್ತ ನೋಡಿದ. ವಾರದಲ್ಲಿ ಅದೇ ಮೊದಲು.

“ಇಳಿಸ್ಬೇಡಿ ಅತ್ತಿಗೆ,” ಎಂದ.

ಲಾರಿ ಗೇಟಿನ ಅಡ್ಡಕೋಲಿನ ಕೆಳಗೆ ನಿಂತಿತು. ಸುಂಯ್ ಎನ್ನುವ ಸದ್ದು ಒಮ್ಮೆ ನುಂಗಿಹೋಯಿತು.

ಪೆಟ್ಟಿಗೆ ಬೆಳಗಿತು. 27.1853.

ಅತ್ತಿಗೆಯ ಕೈ ತಾನಾಗಿಯೇ ಬಾಯಿಗೆ ಹೋಯಿತು. ಮೈಕು ಕೊಕ್ಕೆಯಲ್ಲಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಲಾರಿ ನಲ್ಲಿಯನ್ನು ದಾಟಿ ಮರದ ಕೆಳಗೆ ನಿಂತಿತು. ಮತ್ತೆ ಬೆಳಗಿತು, ಅದೇ ಅಂಕಿ. ಮೋರಿಯ ಬಳಿ ನಿಂತಾಗ ಅಂಕಿಗಳು ಹುಳುಗಳಂತೆ ಮಿಣಕಾಡಿ, ಒಂದೂ ನೆಲೆ ನಿಲ್ಲದೆ ಆರಿದವು. ಆಮೇಲೆ ಲಾರಿ ಮೊದಲ ತಿರುವಿಗೆ ಹೊರಳಿತು. ಸದ್ದು ನುಂಗಿಹೋದದ್ದು ಸ್ಪಷ್ಟವಾಗಿ ಕೇಳಿತು. ಪೆಟ್ಟಿಗೆ ಮಾತ್ರ ಕಪ್ಪಾಗಿಯೇ ಇತ್ತು.

“ದೊಡ್ಡ ಆಂಟೆನಾ ಇರೋ ಲಾರಿಗೇ ಮೋರಿ ತನಕ,” ಎಂದಳು ಇನ್‌ಸ್ಪೆಕ್ಟರ್. “ಕೈಸೆಟ್ಟು ಆದ್ರೆ ಇನ್ನೂ ಹತ್ತಿರ. ಅವತ್ತು ನೀವು ನೀರು ಹಿಡೀತಿದ್ದಾಗ ಯಾರೋ ಈ ಮನೆ ಗೋಡೆಗೆ ಆತು ನಿಂತಿದ್ರು ಅತ್ತಿಗೆ. ಹಾರನ್ ಗಾಡಿ ಹತ್ತಿದ್ದನ್ನ ಕಣ್ಣಾರೆ ನೋಡಿದ್ರು. ನಿಮ್ಮ ಮೈದುನ ‘ಬರ್ಲಾ’ ಅಂದಿದ್ದನ್ನ ಕೇಳಿಸ್ಕೊಂಡ್ರು. ಆಮೇಲೆ ಒತ್ತಿದ್ರು.”

“ಹಾಗಾದ್ರೆ ನನ್ನ ಸೆಟ್ಟು...”

“ನಿಮ್ಮ ಸೆಟ್ಟು ಬಾಯಿ ಮುಚ್ಕೊಂಡು ಕೂತಿತ್ತು. ಪೆಟ್ಟಿಗೆ ಪಕ್ಕದವನ ಅಂಕಿ ತೋರಿಸ್ತು, ಅಷ್ಟೇ. ನಾಳೆ ಸಹಿಗೆ ಬರೋದೇನೂ ಬೇಡ.”

ಅತ್ತಿಗೆ ಅಳಲಿಲ್ಲ. ಪೆಟ್ಟಿಗೆಯ ಮೇಲಿನ ಧೂಳನ್ನು ಅಂಗೈಯಿಂದ ಸವರಿ, ಅದರ ಹಳೆಯ ಕಾಲುಗುರುತುಗಳ ಮೇಲೆ ಸರಿಯಾಗಿ ಕೂರಿಸಿದಳು.

“ಇದನ್ನ ನನ್ನ ಓರಗಿತ್ತಿಗೆ ನೀವೇ ಹೇಳ್ಬೇಕು,” ಎಂದಳು. “ನಾನು ಹೇಳಿದ್ರೆ ಅವಳು ಕೇಳಲ್ಲ.”

ಆಗ ಸೆಟ್ಟು ಕಿರುಚಿತು. ಬೆಸುಗೆಯ ದನಿ. ಅರ್ಧ ಒಡೆದಿತ್ತು, ಖುಷಿಯಲ್ಲಿ ಏರಿತ್ತು.

“ಅತ್ತಿಗೆ! ಮೇಡಮ್ಮಿಗೆ ಹೇಳಿ! ನೆನಪಾಯ್ತು, ಅರವತ್ತೊಂದು ಯಾರ ಸೆಟ್ಟು ಅಂತ! ಮೇಲೆ ಹೋಗಿ ಗಾಡಿ ತಿರುಗಿಸ್ಕೊಂಡು ಬಂದು...”

ಬಂಡೆ ಅವನ ಮಾತನ್ನು ಕತ್ತರಿಸಿತು. ಮತ್ತೆ ಸುಂಯ್.

“ಅಯ್ಯೋ, ಬಾಯಿ ಬಿಡಬೇಡ ಅಂದಿದ್ದೆನಲ್ಲ!” ಇನ್‌ಸ್ಪೆಕ್ಟರ್ ಮೇಜಿಗೆ ಗುದ್ದಿದಳು. ಹುಟ್ಟಿದಾಗಿನಿಂದ ಮೈಕು ಹಿಡಿದವನಿಗೆ, ಸಂತೋಷವಾದರೆ ಗುಂಡಿ ಒತ್ತದೆ ಇರಲು ಬರುವುದಿಲ್ಲ. ಅದನ್ನು ಆಕೆ ಲೆಕ್ಕಕ್ಕೆ ಹಿಡಿಯಬೇಕಿತ್ತು.

ಇನ್ನು ಬಯಲು ಮುಟ್ಟುವ ತನಕ ಅವರಿಗೆ ಏನೂ ಕೇಳುವುದಿಲ್ಲ. ಅವರ ದನಿಯೂ ಯಾರಿಗೂ ಕೇಳುವುದಿಲ್ಲ.

ಇಬ್ಬರೂ ಕಿಟಕಿಗೆ ಬಂದರು. ಬೆಟ್ಟದ ಅರ್ಧ ಮಂಜಿನೊಳಗೆ ಹೋಗಿತ್ತು. ಲಾರಿಯ ಎಂಜಿನ್ನು ಮೇಲೆಲ್ಲೋ ಏದುಸಿರು ಬಿಡುತ್ತಿತ್ತು.

“ಗೇಟು, ಗೇಟು.” ಹೊಸ ದನಿ. ಮೇಲಿನ ಬಯಲಿನಿಂದ. “ಕಲ್ಲು ತುಂಬಿದೆ ಅತ್ತಿಗೆ. ಮಂಜು ಮುಚ್ಚೋ ಮುಂಚೆ ಇಳಿದುಬಿಡ್ತೀನಿ. ಬರ್ಲಾ?”

ಅತ್ತಿಗೆ ಕಿಟಕಿಯಿಂದ ತಿರುಗಿದಳು. ಮೈಕಿಗೂ ಅವಳಿಗೂ ನಡುವೆ ಬೆಂಚೊಂದೇ ಇತ್ತು.

ಸುಂಯ್ ಸದ್ದು ನುಂಗಿಹೋಯಿತು.

ಪೆಟ್ಟಿಗೆ ಬೆಳಗಿತು. 27.1861.

ಆರಿತು. ಇನ್ನೊಮ್ಮೆ ನುಂಗಿಹೋಯಿತು. ಇನ್ನೊಮ್ಮೆ ಬೆಳಗಿತು. ಅದೇ ಅಂಕಿ.

“ಬಂದೆ ಅತ್ತಿಗೆ,” ಎಂದ ಮೇಲಿನವನು.

“ನಿಲ್ಲು! ನಿಲ್ಲಪ್ಪಾ, ಇಳೀಬೇಡ! ದಾರೀಲಿ ಹಾರನ್ ಇದಾನೆ, ಬೆಸುಗೆ ಇದಾನೆ!” ಬೆಂಚು ಮಗುಚಿ ಬಿದ್ದಿತ್ತು. ಅತ್ತಿಗೆ ಎರಡೂ ಕೈಯಲ್ಲಿ ಮೈಕನ್ನು ಹಿಡಿದಿದ್ದಳು. ನಲವತ್ತೆಂಟರ ಬಾಲದ ಅಂಕಿ ಅವಳ ಮುಖಕ್ಕೆ ಕೆಂಪು ಬಳಿಯುತ್ತಿತ್ತು. “ಕೇಳಿಸ್ತಾ? ನಾನು ಬಾ ಅಂದಿಲ್ಲ! ನಾನಲ್ಲ ಅಂದಿದ್ದು!”

ಬೆರಳು ಸಡಿಲಿಸಿದಳು. ಸುಂಯ್.

ಆಮೇಲೆ, ಎಣ್ಣೆ ಬಿಟ್ಟ ಬಾಗಿಲಿನಂತೆ, ಆ ದನಿ.

“ಯಾಕೆ ಅತ್ತಿಗೆ, ಹಾಗೆ ಕಿರುಚ್ಕೊಳ್ತೀರಿ? ನಾನಿಲ್ಲೇ ಕಾಟಾದಲ್ಲಿದೀನಿ. ಗಾಡಿ ನನ್ನ ಕಣ್ಣೆದುರೇ ಇಳಿದು ಹೋಯ್ತು. ನೀವೇ ತಾನೇ ಬಾ ಅಂದಿದ್ದು? ಎಲ್ಲರೂ ಕೇಳಿದಾರೆ.”

ಅವನು ಮಾತಾಡುವಷ್ಟು ಹೊತ್ತೂ ಪೆಟ್ಟಿಗೆ ಬೆಳಗುತ್ತಲೇ ಇತ್ತು. 27.1861. ಒಂದು ಅಂಕಿಯೂ ಮಿಣುಕಲಿಲ್ಲ.

ಅತ್ತಿಗೆ ಪೆಟ್ಟಿಗೆಯನ್ನು ನೋಡಿದಳು. ಇನ್‌ಸ್ಪೆಕ್ಟರನ್ನು ನೋಡಿದಳು. ಮೈಕು ಕೈಬಿಟ್ಟು ಹೊರಗೆ ಹಾರಿದಳು. ಅಡ್ಡಕೋಲಿನ ಕೆಂಪು ಬಟ್ಟೆಯನ್ನು ಹರಿದುಕೊಂಡು, ಬರಿಗಾಲಲ್ಲಿ, ಬೆಟ್ಟದ ರಸ್ತೆ ಹಿಡಿದು ಓಡತೊಡಗಿದಳು. ಮಂಜು ಅವಳನ್ನು ಮೋರಿಯ ಬಳಿಯೇ ನುಂಗಿತು.

ಇನ್‌ಸ್ಪೆಕ್ಟರ್ ಬಾಗಿಲಿನಲ್ಲಿ ಒಂದು ಕ್ಷಣ ಎರಡೂ ಕಡೆಗೆ ಸೀಳಿಹೋದವಳಂತೆ ನಿಂತಳು. ಒಂದು ಕಡೆ ಬೆಟ್ಟ. ಇನ್ನೊಂದು ಕಡೆ ಮನೆಯ ಹಿಂಭಾಗ. ಆಮೇಲೆ ಬೂಟಿನ ಸದ್ದಾಗದಂತೆ ಗೋಡೆಗೆ ಆತುಕೊಂಡು ಹಿಂದಕ್ಕೆ ಸರಿದಳು.

ಮಧ್ಯಾಹ್ನ ಆಕೆ ಕಾಲುದಾರಿಯಿಂದ ಇಳಿದು ಬಂದಾಗ ಶೆಡ್ಡಿನ ಬಾಗಿಲು ಹಾರು ಹೊಡೆದು ತೆರೆದಿತ್ತು. ಈಗ ಮುಚ್ಚಿತ್ತು. ಹಲಗೆಗೆ ಕಿವಿಯಿಟ್ಟಳು. ಒಳಗೆ, ತೀರಾ ಸಣ್ಣಗೆ, ಒಂದು ಸೆಟ್ಟು ಸುಂಯ್ ಎನ್ನುತ್ತಿತ್ತು.

ಆಕೆ ಅಗುಳಿಯ ಮೇಲೆ ಕೈಯಿಟ್ಟಳು.

ಅದೇ ಹೊತ್ತಿಗೆ ಮೇಲಿನ ಮಂಜಿನೊಳಗಿಂದ ಲಾರಿಯ ಹಾರನ್ ಸದ್ದು ಕೇಳಿಬಂತು. ಒಂದೇ ಸಮನೆ, ಉದ್ದಕ್ಕೆ. ಅದರ ಹಿಂದೆಯೇ ಇಳಿಯುತ್ತಿದ್ದ ಗಾಡಿಯದು, ಇನ್ನೂ ದಪ್ಪ ದನಿಯದು.

ಎರಡು ಸದ್ದೂ ಒಟ್ಟಿಗೇ ನಿಂತವು.